ನಕ್ಷತ್ರ ಚುಕ್ಕಿಯಾಗಿ ಬರದಿದ್ದರೆ: ಕರಾವಳಿಯಲ್ಲಿ ರಾತ್ರಿ ಆಕಾಶದ ಫೋಟೊಗಳ ದೋಷ ನಿವಾರಣೆ

ಮಲ್ಪೆಯಲ್ಲೋ ಮರವಂತೆಯಲ್ಲೋ ನಿದ್ದೆಗೆಟ್ಟು ತೆಗೆದ ಫೋಟೊ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಾಗ ನಕ್ಷತ್ರಗಳು ಒಂದು ಕಡೆ ಅಕ್ಕಿಕಾಳಿನಂತೆ ಉದ್ದವಾಗಿ, ಇನ್ನೊಂದು ಕಡೆ ಹತ್ತಿಯಂತೆ ಉಬ್ಬಿ ನಿಂತಿರುತ್ತವೆ. ಆಗ ಬರುವ ತೀರ್ಮಾನ ಹೆಚ್ಚಾಗಿ ಎರಡೇ: ಫೋಕಸ್ ತಪ್ಪಿತು, ಇಲ್ಲವೇ ಈ ಲೆನ್ಸ್ ಇದಕ್ಕೆ ಆಗುವುದಿಲ್ಲ. ಉಡುಪಿ, ಮಂಗಳೂರಿನ ಹವೆಯಲ್ಲಿ ಈ ಎರಡಕ್ಕಿಂತ ಮೊದಲು ಸಂಶಯಪಡಬೇಕಾದದ್ದು ಲೆನ್ಸಿನ ಮೇಲೆ ಕೂತ ತೇವವನ್ನು. ಅದನ್ನು ತಿಳಿಯದೆ ಹೊಸ ಲೆನ್ಸಿಗೆ ದುಡ್ಡು ಸುರಿದರೆ ಹೊಸ ಗಾಜಿನ ಮೇಲೂ ಅದೇ ತೇವ ಕೂರುತ್ತದೆ.

ನಕ್ಷತ್ರ ನಮ್ಮ ಲೆನ್ಸಿನ ಮಟ್ಟಿಗೆ ಬರಿಯ ಬಿಂದು. ಫೋಟೊದಲ್ಲಿ ಅದಕ್ಕೊಂದು ಆಕಾರ ಬಂದಿದ್ದರೆ ಆ ಆಕಾರ ಕೊಟ್ಟದ್ದು ಯಾವುದೋ ದೋಷ. ಹಾಗಾಗಿ ಐಎಸ್‌ಒ (ಸೆನ್ಸರಿನ ಸಂವೇದನೆ), ಎಕ್ಸ್‌ಪೋಷರ್ (ಬೆಳಕು ಒಳಬಿಡುವ ಹೊತ್ತು) ಯಾವುದಕ್ಕೂ ಕೈ ಹಾಕುವ ಮೊದಲು ಆಕಾರವನ್ನು ಸರಿಯಾಗಿ ಓದಬೇಕು. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಚಿತ್ರ ಸುಧಾರಿಸಿದರೂ ಏನು ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಮುಂದಿನ ಅಮಾವಾಸ್ಯೆಗೆ ಮತ್ತೆ ಅದೇ ಕಥೆ.

ಐದು ಜಾಗ, ಮೂರು ಫ್ರೇಮ್

ರಾ ಫೈಲನ್ನು (ಕ್ಯಾಮೆರಾ ಉಳಿಸುವ, ಸಂಸ್ಕರಿಸದ ಮೂಲ ಫೈಲ್) ಶೇ. 100 ಗಾತ್ರದಲ್ಲಿ ತೆರೆಯಿರಿ. ನಟ್ಟನಡುವೆ ಒಂದು ನಕ್ಷತ್ರ, ನಾಲ್ಕು ಮೂಲೆಗಳಲ್ಲಿ ಒಂದೊಂದು, ಹೀಗೆ ಐದು ಜಾಗ ನೋಡಿ. ಆಮೇಲೆ ಅದೇ ಸರಣಿಯ ಮೊದಲ ಫ್ರೇಮ್, ನಡುವಿನದ್ದು, ಕೊನೆಯದ್ದು, ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಫ್ರೇಮ್ ನೋಡಿ ದೋಷ ಹೇಳಹೊರಟರೆ ಅರ್ಧಕ್ಕರ್ಧ ತಪ್ಪುತ್ತದೆ. ಇಬ್ಬನಿಗೂ ಫೋಕಸ್ಸಿಗೂ ಇರುವ ದೊಡ್ಡ ವ್ಯತ್ಯಾಸ ಕಾಲದಲ್ಲಿ ಕಾಣುತ್ತದೆ, ಒಂದು ಚಿತ್ರದಲ್ಲಿ ಕಾಣುವುದಿಲ್ಲ.

ಮೊದಲ ಫ್ರೇಮಿನಿಂದಲೇ ಐದೂ ಜಾಗದಲ್ಲಿ ನಕ್ಷತ್ರ ದಪ್ಪ ಬಿಲ್ಲೆಯಂತಿದ್ದರೆ ಫೋಕಸ್. ಮೊದಲು ಚೆನ್ನಾಗಿದ್ದು ಬರಬರುತ್ತಾ ಮಬ್ಬಾದರೆ ಇಬ್ಬನಿ, ಅಥವಾ ಜಾರಿದ ಫೋಕಸ್ ರಿಂಗ್. ಎಲ್ಲವೂ ಗೀರಿನಂತೆ ಎಳೆದಿದ್ದರೆ ಭೂಮಿಯ ತಿರುಗುವಿಕೆ ಅಥವಾ ಟ್ರೈಪಾಡಿನ ಅಲುಗಾಟ. ನಡುವೆ ಸರಿಯಿದ್ದು ನಾಲ್ಕೂ ಮೂಲೆಯಲ್ಲಿ ಹಕ್ಕಿಯ ರೆಕ್ಕೆಯಂತೆ ಬಿಚ್ಚಿಕೊಂಡಿದ್ದರೆ ಲೆನ್ಸಿನ ಸ್ವಭಾವ. ಒಂದೇ ಬದಿ ಕೆಟ್ಟಿದ್ದರೆ ಲೆನ್ಸ್ ಓರೆಯಾಗಿ ಕೂತಿದೆ. ಎಲ್ಲ ಫ್ರೇಮಿನಲ್ಲೂ ಅದೇ ಜಾಗದಲ್ಲಿ ಕೆಂಪು, ನೀಲಿ, ಹಸಿರು ಚುಕ್ಕಿಗಳಿದ್ದರೆ ಅವು ನಕ್ಷತ್ರಗಳೇ ಅಲ್ಲ.

ಮೊದಲು ಸ್ಪಷ್ಟ, ಆಮೇಲೆ ಮಬ್ಬು: ಇಬ್ಬನಿ

ಡಿಸೆಂಬರಿನಿಂದ ಫೆಬ್ರವರಿವರೆಗಿನ ನಿರಭ್ರ ರಾತ್ರಿಗಳು ಕರಾವಳಿಯ ಆಕಾಶಕ್ಕೆ ಒಳ್ಳೆಯ ಕಾಲ. ಇಬ್ಬನಿಗೂ ಅದೇ ಒಳ್ಳೆಯ ಕಾಲ. ಮೋಡವಿಲ್ಲದ ರಾತ್ರಿ ಆಕಾಶಕ್ಕೆ ಮುಖ ಮಾಡಿ ನಿಂತ ಗಾಜು ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಡುತ್ತಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಜಿನ ತಾಪಮಾನ ಇಬ್ಬನಿ ಬಿಂದುವಿಗೆ ಇಳಿದ ಕ್ಷಣ ಅದರ ಮೇಲೆ ನೀರು ಕೂರತೊಡಗುತ್ತದೆ.

ಎಷ್ಟು ಹೊತ್ತಿಗೆ ತೊಂದರೆ ಶುರುವಾದೀತು ಎಂದು ಅಂದಾಜು ಮಾಡುವ ಸುಲಭ ಲೆಕ್ಕವಿದೆ. ನೂರರಿಂದ ಆರ್ದ್ರತೆಯ ಶೇಕಡಾವನ್ನು ಕಳೆಯಿರಿ, ಉಳಿದದ್ದನ್ನು ಐದರಿಂದ ಭಾಗಿಸಿ, ಬಂದದ್ದನ್ನು ತಾಪಮಾನದಿಂದ ಕಳೆಯಿರಿ. ಗಾಳಿ 24 ಡಿಗ್ರಿ, ಆರ್ದ್ರತೆ ಶೇ. 85 ಇದ್ದರೆ ಇಬ್ಬನಿ ಬಿಂದು ಸುಮಾರು 21. ಅಂದರೆ ನಿಮ್ಮ ಲೆನ್ಸ್ ಗಾಳಿಗಿಂತ ಮೂರೇ ಡಿಗ್ರಿ ತಣ್ಣಗಾದರೆ ಸಾಕು. ಬಯಲುಸೀಮೆಯ ಒಣ ಗಾಳಿಯಲ್ಲಿ ಈ ಅಂತರ ಹತ್ತು ಡಿಗ್ರಿಗೂ ಮೀರಿರುತ್ತದೆ. ಆ ಕಡೆಯವರು ಬರೆದ ಸಲಹೆಗಳಲ್ಲಿ ಇಬ್ಬನಿಗೆ ಎರಡೇ ಸಾಲು ಇರುವುದು ಇದಕ್ಕೇ. ಈ ಲೆಕ್ಕ ಆರ್ದ್ರತೆ ಶೇ. 50ಕ್ಕಿಂತ ಮೇಲಿದ್ದಾಗ ಮಾತ್ರ ಸರಿಬರುತ್ತದೆ. ಕರಾವಳಿಯ ರಾತ್ರಿಗೆ ಅಷ್ಟು ಸಾಕು.

ಇದನ್ನು ಫೋಕಸ್ ದೋಷದಿಂದ ಬೇರೆ ಮಾಡಿ ಗುರುತಿಸಲು ಒಂದೇ ಪ್ರಕಾಶಮಾನ ನಕ್ಷತ್ರವನ್ನು ಹತ್ತಿರದಿಂದ ನೋಡಿ. ಚಳಿಗಾಲದಲ್ಲಿ ಲುಬ್ಧಕ (ಸಿರಿಯಸ್) ಒಳ್ಳೆಯ ಸಾಕ್ಷಿ. ಫೋಕಸ್ ತಪ್ಪಿದ್ದರೆ ಲುಬ್ಧಕ ಒಂದು ಬಿಲ್ಲೆ: ಅದಕ್ಕೆ ಅಂಚು ಇರುತ್ತದೆ, ಒಳಗೆಲ್ಲ ಬೆಳಕು ಹೆಚ್ಚುಕಡಿಮೆ ಸಮನಾಗಿ ಹರಡಿರುತ್ತದೆ, ಅಂಚಿನಲ್ಲಿ ನೇರಳೆ ಅಥವಾ ಹಸಿರು ಗೆರೆಯೂ ಕಾಣಬಹುದು. ಇಬ್ಬನಿ ಕೂತಿದ್ದರೆ ನಡುವೆ ಗಟ್ಟಿಯಾದ ಸಣ್ಣ ತಿರುಳು ಹಾಗೇ ಉಳಿದು, ಸುತ್ತಲೂ ಅಂಚಿಲ್ಲದ ಪ್ರಭೆ ಹಬ್ಬಿರುತ್ತದೆ, ಮಂಜು ಕವಿದ ಬೀದಿದೀಪದ ಹಾಗೆ. ಆ ಪ್ರಭೆಗೆ ನಕ್ಷತ್ರದ ನಿಜ ಬಣ್ಣ ಬಂದಿರುತ್ತದೆ: ಆರ್ದ್ರೆಯ ಸುತ್ತ ಕಿತ್ತಳೆ, ಅದೇ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಕಾಲಿನ ರೈಗೆಲ್ ಸುತ್ತ ನೀಲಿ. ಮೊದಮೊದಲು ಇದು ಚೆಂದವಾಗಿಯೇ ಕಾಣುತ್ತದೆ. ಆದರೆ ಮುಂದಿನ ಹತ್ತು ಫ್ರೇಮಿನಲ್ಲಿ ಪ್ರಭೆ ದೊಡ್ಡದಾಗುತ್ತಾ ಮಂದ ನಕ್ಷತ್ರಗಳು ಒಂದೊಂದಾಗಿ ಮಾಯವಾಗುತ್ತವೆ. ಹಾಗೆ ಮಾಯವಾಗುವುದು ಕಂಡಿತೋ, ಇಬ್ಬನಿ ಎಂದು ಖಚಿತ.

ಸ್ಥಳದಲ್ಲಿ ನೋಡಲು ಲೆನ್ಸಿನ ಬದಿಯಿಂದ ಮಂದವಾದ ಬಿಳಿ ಬೆಳಕನ್ನು ಓರೆಯಾಗಿ ಹಾಯಿಸಿ. ಕೆಂಪು ಟಾರ್ಚಿನಲ್ಲಿ ತೆಳುವಾದ ಇಬ್ಬನಿ ಕಾಣುವುದು ಕಷ್ಟ. ನೋಡುವಾಗ ಮುಖ ಹತ್ತಿರ ತರಬೇಡಿ. ಉಸಿರೇ ಗಾಜನ್ನು ಮಬ್ಬು ಮಾಡಿ, ಇಲ್ಲದ ದೋಷವನ್ನು ತೋರಿಸುತ್ತದೆ.

ಒರೆಸಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಒರೆಸಿದ ಗಾಜು ತಣ್ಣಗೇ ಇರುವುದರಿಂದ ಎರಡು ನಿಮಿಷಕ್ಕೆ ಮತ್ತೆ ತೇವವಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಸಮುದ್ರದ ಬದಿಯ ಗಾಜಿನ ಮೇಲೆ ಉಪ್ಪಿನ ಕಣ, ಮರಳಿನ ಹುಡಿ ಎರಡೂ ಕೂತಿರುತ್ತವೆ. ಅಂಗಿಯ ಚುಂಗಿನಿಂದ ಒಮ್ಮೆ ಉಜ್ಜಿದರೆ ಲೇಪನದ ಮೇಲೆ ಬಿದ್ದ ಗೀರು ಜನ್ಮಕ್ಕೆ ಹೋಗುವುದಿಲ್ಲ. ಪರಿಹಾರ ಶಾಖ ಒಂದೇ. ಗಾಜು ಇಬ್ಬನಿ ಬಿಂದುವಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಸಾಕು, ಮುಟ್ಟಿದರೆ ಬಿಸಿ ಎನಿಸಬೇಕಾಗಿಲ್ಲ.

ಯುಎಸ್‌ಬಿಯಲ್ಲಿ ನಡೆಯುವ ಹೀಟರ್ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ. ಮಾಡಿಕೊಳ್ಳುವುದಾದರೆ 82 ಓಮ್‌ನ, ಅರ್ಧ ವ್ಯಾಟಿನ ಹತ್ತು ರೆಸಿಸ್ಟರುಗಳನ್ನು ಸಮಾಂತರವಾಗಿ ಬೆಸುಗೆ ಹಾಕಿ. 5 ವೋಲ್ಟಿಗೆ ಒಟ್ಟು 3 ವ್ಯಾಟ್ ಶಾಖ, ಸುಮಾರು 0.6 ಆಂಪಿಯರ್ ಕರೆಂಟು. ಒಂದೊಂದು ರೆಸಿಸ್ಟರಿನ ಪಾಲು 0.3 ವ್ಯಾಟ್, ಹಾಗಾಗಿ ಅರ್ಧ ವ್ಯಾಟಿನದ್ದು ಸುಡುವುದಿಲ್ಲ. ಕಾಲು ವ್ಯಾಟಿನದ್ದು ಹಾಕಬೇಡಿ. ಏಣಿಯ ಮೆಟ್ಟಿಲುಗಳಂತೆ ಒಂದರ ಪಕ್ಕ ಒಂದನ್ನು ಇಟ್ಟು, ಶಾಖಕ್ಕೆ ತಾಳುವ ಟೇಪ್ ಸುತ್ತಿ, ಮೇಲೆ ದಪ್ಪ ಬಟ್ಟೆಯ ಪಟ್ಟಿ, ತುದಿಗೆ ವೆಲ್ಕ್ರೋ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಕಾಗದದ ಲೆಕ್ಕಕ್ಕೆ 37 ವ್ಯಾಟ್-ಗಂಟೆ ಇದ್ದರೂ ವೋಲ್ಟೇಜ್ ಏರಿಸುವಾಗ ಒಂದಿಷ್ಟು ಸೋರುತ್ತದೆ. ಆದರೂ 3 ವ್ಯಾಟಿನ ಪಟ್ಟಿಗೆ ಇಡೀ ರಾತ್ರಿ ಸಾಕು. ಎಳೆಯುವ ಕರೆಂಟು ತೀರಾ ಕಡಿಮೆಯಾದರೆ ಕೆಲವು ಪವರ್ ಬ್ಯಾಂಕುಗಳು ತಾವಾಗಿಯೇ ಆರಿಹೋಗುತ್ತವೆ. ಹೀಟರ್ ಇದ್ದೂ ಇಬ್ಬನಿ ಕೂತರೆ ಮೊದಲು ನೋಡಬೇಕಾದದ್ದು ಪವರ್ ಬ್ಯಾಂಕಿನ ದೀಪ.

ಪಟ್ಟಿ ಲೆನ್ಸಿನ ತುದಿಯಲ್ಲಿ, ಮುಂಭಾಗದ ಗಾಜಿಗೆ ಆದಷ್ಟು ಹತ್ತಿರ ಇರಬೇಕು. ಫೋಕಸ್ ರಿಂಗ್ ಮೇಲೆ ಸುತ್ತಿದರೆ ಬಿಗಿಯುವಾಗಲೇ ರಿಂಗ್ ತಿರುಗಿ ಫೋಕಸ್ ಹಾಳಾಗುತ್ತದೆ. ಶಾಖಕ್ಕೆ ಲೆನ್ಸಿನ ಫೋಕಸ್ ತುಸು ಸರಿಯುವುದೂ ಉಂಟು. ಆದ್ದರಿಂದ ಕ್ರಮ ಹೀಗೆ: ಮೊದಲು ಪಟ್ಟಿ ಕಟ್ಟಿ, ಆನ್ ಮಾಡಿ, ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಫೋಕಸ್ ಮಾಡಿ. ಇಬ್ಬನಿ ಕೂತ ಮೇಲೆ ಹೀಟರ್ ಹಾಕಿದರೆ ಬಿಡಿಸಲು ಬಹಳ ಹೊತ್ತು ಹಿಡಿಯುತ್ತದೆ. ಕೂರುವ ಮೊದಲೇ ಹಾಕಿದರೆ ಅರ್ಧ ಶಾಖ ಸಾಕು. ಟೆಲಿ ಲೆನ್ಸಿಗಾದರೆ ಕಪ್ಪು ಫೋಮ್ ಹಾಳೆಯನ್ನು ಕೊಳವೆಯಂತೆ ಸುತ್ತಿ ಗಾಜಿನ ಅಡ್ಡಳತೆಯ ಒಂದೂವರೆ ಪಟ್ಟು ಮುಂದಕ್ಕೆ ಚಾಚಿಸಿದರೂ ತುಂಬ ಹೊತ್ತು ತಡೆಯುತ್ತದೆ. ವೈಡ್ ಲೆನ್ಸಿಗೆ ಇದು ಆಗದು, ಮೂಲೆಗಳು ಕಪ್ಪಾಗುತ್ತವೆ.

ತೇವದ ಇನ್ನೊಂದು ದಾರಿ ಏಸಿ. ಏಸಿ ಹಾಕಿದ ಕಾರಿನಲ್ಲಿ ಮಂಗಳೂರಿನಿಂದ ಮರವಂತೆಯವರೆಗೆ ತಣ್ಣಗಾಗಿ ಬಂದ ಕ್ಯಾಮೆರಾವನ್ನು ಇಳಿದ ಕೂಡಲೇ ಹೊರತೆಗೆದರೆ ಬೆಚ್ಚಗಿನ ಸಮುದ್ರದ ಗಾಳಿ ತಾಗಿ ಇಡೀ ಲೆನ್ಸ್ ಬೆವರುತ್ತದೆ. ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಮುಚ್ಚಿ ಬ್ಯಾಗಿನೊಳಗಿಡಿ, ತಲುಪುವ ಅರ್ಧ ಗಂಟೆ ಮೊದಲು ಏಸಿ ಆರಿಸಿ ಕಿಟಕಿ ಇಳಿಸಿ. ಈ ತೇವ ಹೊರಗಿನ ಗಾಜಿಗೆ ಮಾತ್ರ ನಿಲ್ಲುವುದಿಲ್ಲ, ಸೆನ್ಸರಿನ ಮೇಲೂ ಕೂತೀತು. ಆಗ ಲೆನ್ಸ್ ಬಿಚ್ಚುವ ಗೋಜಿಗೆ ಹೋಗದೆ ಕ್ಯಾಮೆರಾ ತಾನಾಗಿ ಬೆಚ್ಚಗಾಗುವವರೆಗೆ ಕಾಯಿರಿ.

ಬೆಚ್ಚಗಾದ ಮೇಲೂ ಪ್ರಭೆ ಹೋಗದಿದ್ದರೆ ಅದು ಇಬ್ಬನಿಯಲ್ಲ. ಅಲೆಯ ತುಂತುರಿನಿಂದ ಬಂದ ಉಪ್ಪಿನ ಪೊರೆ ಇರಬಹುದು. ಬ್ಲೋವರಿನಿಂದ ಹುಡಿ ಹಾರಿಸಿ, ಲೆನ್ಸ್ ದ್ರವ ತಾಗಿಸಿದ ಟಿಶ್ಯೂವಿನಿಂದ ಮನೆಯಲ್ಲಿ, ಬೆಳಕಿನಲ್ಲಿ ತೆಗೆಯಿರಿ. ಆಗಲೂ ಹೋಗದಿದ್ದರೆ ಲೆನ್ಸಿನ ಹಿಂದಿನಿಂದ ಟಾರ್ಚ್ ಹಾಯಿಸಿ ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಒಳಗೆ ಕಂಡರೆ ಬೂಸ್ಟು ಹಿಡಿದಿದೆ. ಅದು ಬಿಚ್ಚಿ ತೊಳೆಯುವವರ ಕೆಲಸ.

ಎಲ್ಲ ಕಡೆ ಬಿಲ್ಲೆ: ಫೋಕಸ್

ಲೆನ್ಸಿನ ಮೇಲಿನ ಅನಂತ ಚಿಹ್ನೆಯನ್ನು ನಂಬಬೇಡಿ. ಆಟೋಫೋಕಸ್ ಲೆನ್ಸುಗಳು ಅದನ್ನು ದಾಟಿಯೂ ತಿರುಗುತ್ತವೆ, ಹಾಗಾಗಿ ಕೊನೆಯವರೆಗೆ ತಿರುಗಿಸಿ ಬಿಟ್ಟರೆ ಖಂಡಿತ ತಪ್ಪುತ್ತದೆ. ಮ್ಯಾನುಯಲ್ ಫೋಕಸ್ ಹಾಕಿ, ಲೈವ್ ವ್ಯೂ ತೆರೆದು, ಪ್ರಕಾಶಮಾನ ನಕ್ಷತ್ರವೊಂದನ್ನು ನಡುವೆ ತಂದು 10 ಪಟ್ಟು ಹಿಗ್ಗಿಸಿ. ಚಳಿಗಾಲಕ್ಕೆ ಲುಬ್ಧಕ, ಏಪ್ರಿಲ್–ಮೇನಲ್ಲಿ ಸ್ವಾತಿ, ಅಕ್ಟೋಬರಿನ ಸಂಜೆಗೆ ಅಭಿಜಿತ್. ನಕ್ಷತ್ರ ಅತಿ ಸಣ್ಣದಾಗುವ ಜಾಗವನ್ನು ದಾಟಿ ಮುಂದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬನ್ನಿ. ಎರಡೂ ಕಡೆ ಕೆಡುವುದನ್ನು ಕಂಡರೆ ಮಾತ್ರ ನಡು ಯಾವುದೆಂದು ತಿಳಿಯುತ್ತದೆ. ನಂಬಿಕೆಯ ಗುರುತು ಆ ನಕ್ಷತ್ರದ ಗಾತ್ರವಲ್ಲ, ಅದರ ಪಕ್ಕದ ಮಂದ ನಕ್ಷತ್ರಗಳು. ಫೋಕಸ್ ಕೂತ ಕ್ಷಣ ಅವು ಪರದೆಯಲ್ಲಿ ಚಿಮ್ಮಿ ಬರುತ್ತವೆ. ಆಮೇಲೆ ಐಎಸ್‌ಒ 6400ರಲ್ಲಿ 5 ಸೆಕೆಂಡಿನ ಒಂದು ಪರೀಕ್ಷಾ ಫೋಟೊ ತೆಗೆದು ಹಿಗ್ಗಿಸಿ ನೋಡಿ, ಇನ್ಸುಲೇಷನ್ ಟೇಪಿನಿಂದ ರಿಂಗ್ ಕಟ್ಟಿಬಿಡಿ. ಜೂಮ್ ಲೆನ್ಸಾದರೆ ಜೂಮ್ ರಿಂಗಿಗೂ ಟೇಪ್ ಬೇಕು; ಮೇಲ್ಮುಖವಾಗಿ ನಿಂತ ಲೆನ್ಸಿನ ಕೊಳವೆ ತನ್ನ ಭಾರಕ್ಕೇ ಜಾರುತ್ತದೆ. 85 ಮಿ.ಮೀ.ಗಿಂತ ಉದ್ದದ ಲೆನ್ಸಿಗೆ ಬಾಹ್ತಿನೋವ್ ಮಾಸ್ಕ್ (ನಕ್ಷತ್ರದ ಸುತ್ತ ಬೆಳಕಿನ ಗೆರೆ ಮೂಡಿಸುವ, ಸೀಳುಗಳಿರುವ ಮುಚ್ಚಳ) ಹಾಕಿದರೆ ಊಹೆಯೇ ಬೇಡ: ಮೂರು ಗೆರೆಗಳಲ್ಲಿ ನಡುವಿನದ್ದು ಉಳಿದೆರಡರ ಸರಿಮಧ್ಯಕ್ಕೆ ಬಂದರೆ ಮುಗಿಯಿತು. ಫೋಟೊಗೆ ಮೊದಲು ಮಾಸ್ಕನ್ನು ಬಿಚ್ಚಲು ಮರೆಯಬೇಡಿ.

ಟೇಪ್ ಹಾಕಿಯೂ ಫೋಕಸ್ ತಪ್ಪುತ್ತಿದ್ದರೆ ಲೆನ್ಸ್ ಯಾವ ಜಾತಿಯದ್ದೆಂದು ನೋಡಿ. ಕ್ಯಾನನ್ನಿನ ಎಸ್‌ಟಿಎಂ, ನಿಕಾನಿನ ಎಎಫ್‌-ಪಿ, ಮಿರರ್‌ಲೆಸ್ ಕ್ಯಾಮೆರಾಗಳ ಬಹುಪಾಲು ಲೆನ್ಸುಗಳಲ್ಲಿ ರಿಂಗಿಗೂ ಗಾಜಿಗೂ ನೇರ ಸಂಬಂಧವಿಲ್ಲ. ರಿಂಗ್ ತಿರುಗಿಸಿದ್ದನ್ನು ಓದಿ ಒಳಗಿನ ಮೋಟಾರು ಗಾಜನ್ನು ಸರಿಸುತ್ತದೆ. ಇಂಥವುಗಳಲ್ಲಿ ಕ್ಯಾಮೆರಾ ನಿದ್ದೆಗೆ ಜಾರಿದಾಗ ಅಥವಾ ಆಫ್ ಮಾಡಿದಾಗ ಫೋಕಸ್ ಬೇರೆಲ್ಲೋ ಹೋಗಿ ನಿಲ್ಲಬಹುದು. ಬ್ಯಾಟರಿ ಬದಲಿಸಿದ ಫ್ರೇಮಿನಿಂದಲೇ ಬಿಲ್ಲೆಗಳು ಶುರುವಾಗಿವೆಯೇ ಎಂದು ಸಮಯ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ಆಟೋ ಪವರ್ ಆಫ್ ನಿಲ್ಲಿಸಿ. ಬ್ಯಾಟರಿ ಬದಲಿಸಿದಾಗಲೆಲ್ಲ ಹೊಸದಾಗಿ ಫೋಕಸ್ ಮಾಡಿ.

ಗೀರುಗಳು: ಭೂಮಿಯೋ, ಟ್ರೈಪಾಡೋ

ಎರಡೂ ನಕ್ಷತ್ರವನ್ನು ಎಳೆಯುತ್ತವೆ, ಆದರೆ ಎಳೆಯುವ ರೀತಿ ಬೇರೆ. ಭೂಮಿಯ ತಿರುಗುವಿಕೆಯ ಗೀರು ನಯವಾಗಿರುತ್ತದೆ, ಮತ್ತು ಆಕಾಶದಲ್ಲಿ ಎಲ್ಲಿ ನೋಡುತ್ತಿದ್ದೀರಿ ಎಂಬುದರ ಮೇಲೆ ಉದ್ದ ಬದಲಾಗುತ್ತದೆ. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳು ಖಗೋಳದ ಮಧ್ಯರೇಖೆಯ ಬಳಿಯೇ ಇರುವುದರಿಂದ ಅಲ್ಲಿ ಗೀರು ಅತಿ ಉದ್ದ. ಸಪ್ತರ್ಷಿ ಮಂಡಲದಲ್ಲಿ ಅದರ ಅರ್ಧದಷ್ಟು. ಧ್ರುವದ ಬಳಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಟ್ರೈಪಾಡ್ ಅಲುಗಿದ್ದರೆ ಫ್ರೇಮಿನ ಎಲ್ಲ ನಕ್ಷತ್ರಗಳೂ ಒಂದೇ ಉದ್ದಕ್ಕೆ, ಒಂದೇ ಆಕಾರಕ್ಕೆ ಎಳೆದಿರುತ್ತವೆ: ಕೊಕ್ಕೆ, ಸೊಟ್ಟ ಗೆರೆ, ಅಥವಾ ಒಂದು ತುದಿಯಲ್ಲಿ ಗಟ್ಟಿ ಚುಕ್ಕಿಯಿರುವ ಬಾಲ. ಆ ಗಟ್ಟಿ ಚುಕ್ಕಿ ಕ್ಯಾಮೆರಾ ನಿಶ್ಚಲವಾಗಿದ್ದ ಹೊತ್ತಿನದ್ದು.

ಖಚಿತಪಡಿಸಿಕೊಳ್ಳಲು 18 ಮಿ.ಮೀ.ನಲ್ಲಿ 2 ಸೆಕೆಂಡಿನ ಒಂದು ಫೋಟೊ ತೆಗೆಯಿರಿ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಭಾಗ) ಸರಿಯುತ್ತದೆ. 24 ಮೆಗಾಪಿಕ್ಸೆಲಿನ ಎಪಿಎಸ್‌-ಸಿ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಸುಮಾರು 3.9 ಮೈಕ್ರಾನ್, 18 ಮಿ.ಮೀ. ಲೆನ್ಸಿನಡಿ ಅದು ಆಕಾಶದ 45 ಆರ್ಕ್‌ಸೆಕೆಂಡನ್ನು ಹಿಡಿಯುತ್ತದೆ. ಎರಡು ಸೆಕೆಂಡಿನಲ್ಲಿ ಆಕಾಶ ಸರಿಯುವುದು 30 ಆರ್ಕ್‌ಸೆಕೆಂಡ್, ಒಂದು ಪಿಕ್ಸೆಲಿಗಿಂತ ಕಡಿಮೆ. ಇಷ್ಟರಲ್ಲೂ ಗೀರು ಕಂಡರೆ ಭೂಮಿಯ ಮೇಲೆ ತಪ್ಪು ಹೊರಿಸುವಂತಿಲ್ಲ.

ಗೀರು ಭೂಮಿಯದ್ದೇ ಎಂದಾದರೆ ಎಕ್ಸ್‌ಪೋಷರ್ ತಗ್ಗಿಸಬೇಕು. 500ನ್ನು ಲೆನ್ಸಿನ ಮಿ.ಮೀ.ನಿಂದ ಭಾಗಿಸಿ ಸೆಕೆಂಡ್ ಹಿಡಿಯುವ 500ರ ಲೆಕ್ಕ ಫಿಲ್ಮಿನ ಕಾಲದ್ದು. ಸೆನ್ಸರ್ ಸಣ್ಣದಾದ್ದರಿಂದ ಮಿ.ಮೀ.ಯನ್ನು 1.5ರಿಂದ ಗುಣಿಸಬೇಕಾದ ಎಪಿಎಸ್‌-ಸಿ ಕ್ಯಾಮೆರಾದಲ್ಲಿ 18 ಮಿ.ಮೀ.ಗೆ ಅದು 18.5 ಸೆಕೆಂಡ್ ಕೊಡುತ್ತದೆ. ಅಷ್ಟರಲ್ಲಿ ಮಹಾವ್ಯಾಧ ಆರು ಪಿಕ್ಸೆಲ್ ಸರಿದಿರುತ್ತಾನೆ. ಈಗಿನ ಸೆನ್ಸರುಗಳಿಗೆ ಎನ್‌ಪಿಎಫ್ ಲೆಕ್ಕ ಮೇಲು: 35ನ್ನು ಎಫ್ ಸಂಖ್ಯೆಯಿಂದ (ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಎಂಬುದರ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಗುಣಿಸಿ, 30ನ್ನು ಮೈಕ್ರಾನಿನಲ್ಲಿರುವ ಪಿಕ್ಸೆಲ್ ಅಳತೆಯಿಂದ ಗುಣಿಸಿ, ಎರಡನ್ನೂ ಕೂಡಿಸಿ, ಲೆನ್ಸಿನ ಮಿ.ಮೀ.ನಿಂದ ಭಾಗಿಸಿ. ಎಫ್/3.5ರ 18 ಮಿ.ಮೀ. ಕಿಟ್ ಲೆನ್ಸಿಗೆ 13 ಸೆಕೆಂಡ್ ಬರುತ್ತದೆ. ಎಫ್/2.8ಕ್ಕೆ ಇಳಿಸಿದ 50 ಮಿ.ಮೀ.ಗೆ ಬರಿಯ 4 ಸೆಕೆಂಡ್. 50 ಮಿ.ಮೀ.ನಲ್ಲಿ 10 ಸೆಕೆಂಡ್ ಕೊಟ್ಟು ಲೆನ್ಸನ್ನು ದೂರುವುದು ಬಹಳ ಸಾಮಾನ್ಯ.

ಅಲುಗಾಟವಾದರೆ ಮರಳನ್ನು ನೋಡಿ. ಬೀಚಿನಲ್ಲಿ ಟ್ರೈಪಾಡಿನ ಕಾಲು ನಿಂತಂತೆ ಕಂಡರೂ ನಿಧಾನವಾಗಿ ಇಳಿಯುತ್ತಿರುತ್ತದೆ, ಅದರಲ್ಲೂ ಅಲೆ ಬಂದು ಹೋಗುವ ಒದ್ದೆ ಮರಳಿನಲ್ಲಿ. ಮೂರು ಕಾಲಿಗೂ ಒಂದೊಂದು ಅಂಗೈ ಅಗಲದ ಹೆಂಚಿನ ತುಂಡು ಕೊಡಿ. ಹಳೆಯ ಮಂಗಳೂರು ಹೆಂಚು ಈ ಊರಿನಲ್ಲಿ ಯಾವ ಹಿತ್ತಲಲ್ಲೂ ಸಿಗುತ್ತದೆ, ಭಾರವೂ ಇಲ್ಲ. ಒಣ ಮರಳನ್ನು ಕಾಲಿನಿಂದ ಕೆರೆದು ಕೆಳಗಿನ ಬಿಗಿ ಮರಳಿನ ಮೇಲೆ ಹೆಂಚನ್ನು ಕೂರಿಸಿ, ಚಪ್ಪಟೆ ಮೈ ಮೇಲೆ ಬರಲಿ, ಒಮ್ಮೆ ತುಳಿದು ಒತ್ತಿ, ಆಮೇಲೆ ಟ್ರೈಪಾಡ್ ಇಡಿ. ಐದು ನಿಮಿಷ ಬಿಟ್ಟು ಶುರುಮಾಡಿ. ನಡುಗಂಬ ಎತ್ತಬೇಡಿ. ಕ್ಯಾಮೆರಾದ ಪಟ್ಟಿ ಬಿಚ್ಚಿಡಿ, ಗಾಳಿಗೆ ಅದು ಹಾಯಿಯಂತೆ ಬಡಿಯುತ್ತದೆ. ನಡುಗಂಬಕ್ಕೆ ಬ್ಯಾಗು ತೂಗಹಾಕುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ, ಇಲ್ಲದಿದ್ದರೆ ತೂಗಾಡಿ ಇನ್ನಷ್ಟು ಕೆಡಿಸುತ್ತದೆ. ಶಟರಿಗೆ ಕೈ ತಾಗಿಸದೆ 2 ಸೆಕೆಂಡಿನ ಟೈಮರ್ ಹಾಕಿ. ಲೆನ್ಸಿನ ಸ್ಟೆಬಿಲೈಸೇಷನ್ ಆಫ್ ಇರಲಿ. ಟ್ರೈಪಾಡಿನ ಮೇಲೆ ಅದು ಇಲ್ಲದ ಅಲುಗಾಟವನ್ನು ಹುಡುಕುತ್ತಾ ತಾನೇ ಗಾಜನ್ನು ಸರಿಸುತ್ತದೆ.

ಮೂಲೆಗಳು

ನಾಲ್ಕೂ ಮೂಲೆಯಲ್ಲಿ ಒಂದೇ ಬಗೆಯ ರೆಕ್ಕೆ ಬಂದಿದ್ದರೆ ಅದು ಕೋಮಾ. ಲೆನ್ಸನ್ನು ಪೂರ್ತಿ ತೆರೆದಿದ್ದೀರಿ. ಎಫ್/1.8ರಿಂದ 2.8ಕ್ಕೆ ಇಳಿಸಿದರೆ ಬಹುತೇಕ ಮಾಯ. ಬೆಳಕು ಕಡಿಮೆಯಾಯಿತು ಎಂದು ಹೆದರಿ ಮತ್ತೆ ತೆರೆಯುವುದಕ್ಕಿಂತ ಹೆಚ್ಚು ಫ್ರೇಮ್ ತೆಗೆದು ಒಟ್ಟುಗೂಡಿಸುವುದು ಮೇಲು.

ಒಂದು ಬದಿ ಮಾತ್ರ ಕೆಟ್ಟಿದ್ದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ, ಅದೇ ಆಕಾಶದ ಇನ್ನೊಂದು ಫೋಟೊ ತೆಗೆಯಿರಿ. ಕೆಟ್ಟ ಭಾಗ ಫ್ರೇಮಿನ ಅದೇ ಬದಿಯಲ್ಲಿ ಉಳಿದರೆ ದೋಷ ಲೆನ್ಸಿನದ್ದೋ ಮೌಂಟಿನದ್ದೋ: ಲೆನ್ಸ್ ಟಕ್ ಎಂದು ಪೂರ್ತಿ ಕೂತಿದೆಯೇ, ಅಡಾಪ್ಟರಿನ ಸ್ಕ್ರೂ ಸಡಿಲವೇ, ಮೌಂಟಿನಲ್ಲಿ ಮರಳಿನ ಕಣ ಸಿಕ್ಕಿದೆಯೇ ನೋಡಿ. ಕೆಟ್ಟ ಭಾಗ ಆಕಾಶದ ಜೊತೆ ಆ ಕಡೆಗೆ ಹೋದರೆ ಅಲ್ಲಿರುವುದು ದಿಗಂತದ ಮಂಜು ಅಥವಾ ತೆಳು ಮೋಡ, ಸಾಮಾನು ಸರಿಯಾಗಿದೆ.

ಟ್ರ್ಯಾಕರ್ ಇದ್ದೂ ಗೀರು

ಟ್ರ್ಯಾಕರ್ ಎಂದರೆ ನಕ್ಷತ್ರಗಳ ಚಲನೆಗೆ ಸರಿಯಾಗಿ ಕ್ಯಾಮೆರಾವನ್ನು ತಿರುಗಿಸುವ ಸಾಧನ; ಅದರ ಅಕ್ಷವನ್ನು ಧ್ರುವದ ಕಡೆಗೆ ಹೊಂದಿಸಬೇಕು. ನಮ್ಮಲ್ಲಿ ಧ್ರುವ ನಕ್ಷತ್ರ ತೀರಾ ಕೆಳಗೆ. ಮಂಗಳೂರಿನಲ್ಲಿ ದಿಗಂತದಿಂದ 13 ಡಿಗ್ರಿಗೂ ತುಸು ಕಡಿಮೆ, ಉಡುಪಿಯಲ್ಲಿ ತುಸು ಹೆಚ್ಚು. ತೆಂಗಿನ ತೋಟ, ಗುಡ್ಡ, ಮಂಜು ಯಾವುದಾದರೊಂದು ಅದನ್ನು ಮುಚ್ಚಿರುತ್ತದೆ. ಆದ್ದರಿಂದ ಜಾಗ ಆರಿಸುವಾಗ ಕ್ಷೀರಪಥ ಕಾಣುವ ದಿಕ್ಕಿನ ಜೊತೆಗೆ ಉತ್ತರವೂ ತೆರೆದಿದೆಯೇ ಎಂದು ಹಗಲೇ ನೋಡಿಡಿ. ಧ್ರುವ ಕಾಣದಿದ್ದರೆ ಮೊಬೈಲಿನ ಕೋನಮಾಪಕ ಇಟ್ಟು ಎತ್ತರವನ್ನು 13 ಡಿಗ್ರಿಗೆ ಹೊಂದಿಸಿ, ದಿಕ್ಸೂಚಿಯಿಂದ ಉತ್ತರ ಹಿಡಿಯಿರಿ. ದಿಕ್ಸೂಚಿಯನ್ನು ಟ್ರ್ಯಾಕರಿನ ಮೋಟಾರಿಗೂ ಕಾರಿಗೂ ದೂರ ನಿಂತು ನೋಡಿ, ದೂರದ ಒಂದು ಗುರುತನ್ನು ಹಿಡಿದು ಬಂದು ಹೊಂದಿಸಿ.

ಹೀಗೆ ಅಂದಾಜಿನಲ್ಲಿ ಹೊಂದಿಸಿದರೆ ಎಷ್ಟು ನಡೆದೀತು? ಅಕ್ಷ ಒಂದು ಡಿಗ್ರಿ ತಪ್ಪಿದ್ದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 16 ಆರ್ಕ್‌ಸೆಕೆಂಡ್ ಜಾರುತ್ತದೆ. ಮೇಲೆ ಹೇಳಿದ ಕ್ಯಾಮೆರಾದಲ್ಲಿ 50 ಮಿ.ಮೀ.ಗೆ ಅದು ಒಂದೇ ಪಿಕ್ಸೆಲ್, ಧಾರಾಳ ನಡೆಯುತ್ತದೆ. 135 ಮಿ.ಮೀ.ಗೆ ಎರಡೂವರೆ ಪಿಕ್ಸೆಲ್, ಅರ್ಧ ನಿಮಿಷಕ್ಕೆ ನಿಲ್ಲಿಸಿದರೆ ಸರಿ. 200 ಮಿ.ಮೀ.ಗೆ ನಾಲ್ಕು, ಅಲ್ಲಿ ಧ್ರುವವನ್ನು ಕಾಣದೆ ಕೆಲಸವಾಗದು.

ಗೀರು ಇದಕ್ಕಿಂತ ತುಂಬ ಉದ್ದವಿದ್ದರೆ ಹೊಂದಾಣಿಕೆಯನ್ನು ಬಿಟ್ಟು ಬೇರೆ ಕಾರಣ ಹುಡುಕಿ. ಟ್ರ್ಯಾಕರ್ ಆನ್ ಮಾಡಿ ಒಂದು, ಆಫ್ ಮಾಡಿ ಒಂದು, ಅದೇ ಎಕ್ಸ್‌ಪೋಷರಿನ ಎರಡು ಫೋಟೊ ತೆಗೆಯಿರಿ. ಆನ್ ಇದ್ದಾಗಿನ ಗೀರು ಆಫ್ ಇದ್ದಾಗಿನದಕ್ಕಿಂತ ಎರಡು ಪಟ್ಟು ಉದ್ದವಿದ್ದರೆ ಟ್ರ್ಯಾಕರ್ ಉಲ್ಟಾ ತಿರುಗುತ್ತಿದೆ, ಉತ್ತರ–ದಕ್ಷಿಣ ಗೋಳಾರ್ಧದ ಸ್ವಿಚ್ ನೋಡಿ. ಎರಡೂ ಸಮವಾಗಿದ್ದರೆ ತಿರುಗುತ್ತಲೇ ಇಲ್ಲ, ಕ್ಲಚ್ ಸಡಿಲ ಅಥವಾ ಬ್ಯಾಟರಿ ಇಳಿದಿದೆ. ಒಂದು ಫ್ರೇಮ್ ಸರಿ, ಮುಂದಿನದ್ದು ಗೀರು, ಮತ್ತೆ ಸರಿ ಎಂಬಂತಿದ್ದರೆ ಹಲ್ಲುಚಕ್ರದ ಏರುಪೇರು. ಪೂರ್ವದ ಕಡೆ ತುಸು ಭಾರ ಬರುವಂತೆ ಸಮತೋಲನ ಮಾಡಿದರೆ ಹಲ್ಲುಗಳು ಒಂದೇ ಬದಿಗೆ ಒತ್ತಿ ನಿಂತು ಸುಧಾರಿಸುತ್ತದೆ. ಕೆಳ ಅಕ್ಷಾಂಶದ ಇನ್ನೊಂದು ತೊಂದರೆ: ಅಕ್ಷ ಹೆಚ್ಚುಕಡಿಮೆ ಮಲಗಿದಂತಿರುವುದರಿಂದ ಎದುರುತೂಕದ ಸರಳು ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುತ್ತದೆ. ಉತ್ತರಕ್ಕೆ ಕಾಲು ಬರದೆ, ಎರಡು ಕಾಲುಗಳ ನಡುವಿನ ಸಂದು ಬರುವಂತೆ ನಿಲ್ಲಿಸಿ.

ಉಳಿದ ಕೆಲವು

ಆಕಾಶವೆಲ್ಲ ಕಿತ್ತಳೆಯಾಗಿ ತೊಳೆದುಹೋಗಿದ್ದರೆ ಊರಿನ ಬೆಳಕು ಗಾಳಿಯ ತೇವಕ್ಕೆ ತಾಗಿ ಹರಡಿದೆ. ಇದಕ್ಕೆ ಕ್ಯಾಮೆರಾದಲ್ಲಿ ಪರಿಹಾರವಿಲ್ಲ, ದಿಕ್ಕಿನಲ್ಲಿದೆ. ಮಾರ್ಚ್–ಏಪ್ರಿಲಿನ ಬೆಳಗಿನ ಜಾವ ಕ್ಷೀರಪಥದ ಕೇಂದ್ರ ಆಗ್ನೇಯದಲ್ಲಿ, ಅಂದರೆ ನೆಲದ ಕಡೆ, ಊರಿನ ದೀಪಗಳ ಮೇಲೆ ಏರುತ್ತದೆ. ಮಳೆ ಬಿಟ್ಟ ಮೇಲೆ ಅಕ್ಟೋಬರಿನ ಮಧ್ಯದಲ್ಲಿ ಸಂಜೆ ಏಳೂವರೆಗೆ ಅದೇ ಕೇಂದ್ರ ನೈಋತ್ಯದಲ್ಲಿ, ಸಮುದ್ರದ ಮೇಲೆ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತದೆ. ಬೀಚಿನಿಂದ ತೆಗೆಯುವವರಿಗೆ ಆ ಹದಿನೈದು ದಿನ ಚಿನ್ನ. ದೋಣಿಗಳ ದೀಪ ದಿಗಂತದಲ್ಲಿ ಉರಿಯುತ್ತಿದ್ದರೆ ಫ್ರೇಮನ್ನು ತುಸು ಮೇಲೆತ್ತಿ. ಕಾಪುವಿನಲ್ಲಿ ಕೆಲವು ಫ್ರೇಮ್ ಮಾತ್ರ ಬೆಳ್ಳಗಾದರೆ ದೀಪಸ್ತಂಭದ ಬೆಳಕು ಲೆನ್ಸಿಗೆ ಅಡ್ಡ ಹಾಯುತ್ತಿದೆ. ಹುಡ್ ಹಾಕಿ, ಗೋಡೆಯ ಮರೆಗೆ ಸರಿಯಿರಿ.

ಬಣ್ಣದ ಚುಕ್ಕಿಗಳು ಹಾಟ್ ಪಿಕ್ಸೆಲ್. ರಾತ್ರಿಯೂ 26 ಡಿಗ್ರಿ ಇರುವ ಊರಿನಲ್ಲಿ ಇವು ಹೆಚ್ಚೇ, ಸೆನ್ಸರ್ ಬೆಚ್ಚಗಾದಷ್ಟೂ ಏರುತ್ತವೆ. ಫೋಕಸ್ ಆದ ಮೇಲೆ ಲೈವ್ ವ್ಯೂ ಮುಚ್ಚಿ. ಕೆಲಸ ಮುಗಿದ ಕೂಡಲೇ, ಅದೇ ಜಾಗದಲ್ಲಿ, ಲೆನ್ಸಿಗೆ ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ ಸೆಕೆಂಡಿನಲ್ಲಿ 20 ಡಾರ್ಕ್ ಫ್ರೇಮ್ (ಈ ಚುಕ್ಕಿಗಳನ್ನು ಆಮೇಲೆ ಚಿತ್ರದಿಂದ ಕಳೆಯಲು ಬಳಸುವ ಕತ್ತಲ ಫೋಟೊ) ತೆಗೆಯಿರಿ. ಮನೆಯ ಏಸಿ ಕೋಣೆಯಲ್ಲಿ ಮರುದಿನ ತೆಗೆದ ಡಾರ್ಕ್ ಕೆಲಸಕ್ಕೆ ಬಾರದು, ತಾಪಮಾನ ಬೇರೆ.

ಸರಣಿಯಲ್ಲಿ ಒಂದು ಬಿಟ್ಟು ಒಂದು ಫ್ರೇಮ್ ಕಾಣೆಯಾಗಿದ್ದರೆ ಇಂಟರ್ವಲ್ (ಒಂದು ಫೋಟೊ ಶುರುವಾಗಿ ಮುಂದಿನದ್ದು ಶುರುವಾಗುವವರೆಗಿನ ಹೊತ್ತು) ಕಡಿಮೆಯಾಗಿದೆ. 15 ಸೆಕೆಂಡಿನ ಎಕ್ಸ್‌ಪೋಷರಿಗೆ ಇಂಟರ್ವಲ್ 15 ಇಟ್ಟರೆ ಕಾರ್ಡಿಗೆ ಬರೆಯಲು ಸಮಯವೇ ಇಲ್ಲ, 17 ಇಡಿ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಪ್ರತಿ ಫೋಟೊಕ್ಕೂ ಎರಡರಷ್ಟು ಹೊತ್ತು ಹಿಡಿಯುತ್ತದೆ, ಅದನ್ನು ಆರಿಸಿ. ಎಲ್ಲ ಸರಿಯಿದ್ದೂ ರಿಮೋಟ್ ಬೇಕೆಂದಾಗ ನಿಂತರೆ ಜ್ಯಾಕಿನ ಪಿನ್ ನೋಡಿ: ಉಪ್ಪುಗಾಳಿಗೆ ಹಸಿರುಗಟ್ಟಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಿದ ಮೇಲೆ ಚುಚ್ಚಿ.

ಬೀಚಿನಿಂದ ಬಂದ ರಾತ್ರಿಯೇ ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಚಾಚಿ ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಚಾಚಿದ ಹಾಗೇ ಒಣಗಲು ಬಿಡಿ. ಲೆನ್ಸನ್ನು ಒದ್ದೆ ಬ್ಯಾಗಿನಲ್ಲೇ ಬಿಟ್ಟು ಮಲಗಬೇಡಿ; ಫ್ಯಾನಿನ ಗಾಳಿಗೆ ಒಂದು ಗಂಟೆ ಇಟ್ಟು, ರಬ್ಬರ್ ಅಂಚಿನ ಬಿಗಿ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಡಬ್ಬದೊಳಗೆ ಸಣ್ಣ ಆರ್ದ್ರತಾ ಮಾಪಕವೊಂದಿರಲಿ, ಅದು ಶೇ. 40ರಿಂದ 50ರ ನಡುವೆ ನಿಲ್ಲಬೇಕು. 55 ದಾಟಿದರೆ ಜೆಲ್ಲನ್ನು ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಬಿಸಿ ಮಾಡಿ, ಪೂರ್ತಿ ಆರಿಸಿ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ಹದಿನೈದು ದಿನಕ್ಕೊಮ್ಮೆ ನೋಡಬೇಕು.